ಗಂಡಸಿಯ ಕೊಬ್ಬರಿ, ಜಾವಾದ ಕೊಪ್ರ

(ಅಟ್ಟದಿಂದ ಒಂದು ಕಾಯಿ ಇಳಿಸುತ್ತಾ)

ಕಿವಿ ಹತ್ರ ಹಿಡಿದು ಅಲ್ಲಾಡಿಸಿ ನೋಡಿ. ಲೊಡಲೊಡ ಅಂತಿದೆಯಾ? ಒಳಗಿನ ನೀರು ಆರಿ, ತಿರುಳು ಚಿಪ್ಪು ಬಿಟ್ಟಿದೆ ಅಂತ ಅರ್ಥ. ತಿಂಗಳುಗಟ್ಟಲೆ ಅಟ್ಟದ ಮೇಲೆ ಕೂತ ಕಾಯಿ ಇದು. ಗಂಡಸಿ, ಅರಸೀಕೆರೆ, ತಿಪಟೂರು ಸೀಮೇಲಿ ಇದೇ ಉಂಡೆ ಕೊಬ್ಬರಿ.

ಇಂಡೋನೇಷ್ಯಾದಲ್ಲಿ ಒಣ ಕೊಬ್ಬರಿಗೆ ಏನಂತಾರೆ ಗೊತ್ತಾ? ‘ಕೊಪ್ರ’. ದಕ್ಷಿಣ ಆಫ್ರಿಕಾದ ಆಫ್ರಿಕಾನ್ಸ್ ಭಾಷೇಲಿ? ಅಲ್ಲೂ ‘ಕೊಪ್ರ’!

ಹಾಗಂತ ಕನ್ನಡದಿಂದಲೇ ಹೋಯ್ತು ಅಂತ ಎದೆ ತಟ್ಟಿಕೊಳ್ಳೋ ಹಾಗಿಲ್ಲ. ಪೋರ್ಚುಗೀಸರು ಎತ್ತಿಕೊಂಡಿದ್ದು ಮಲಯಾಳಂನ ‘ಕೊಪ್ಪರ’ವನ್ನ. ನಮ್ಮ ಕೊಬ್ಬರಿ ಅದರ ದಾಯಾದಿ. 1563ರಲ್ಲಿ ಗೋವಾದಲ್ಲಿ ಅಚ್ಚಾದ ಗಾರ್ಸಿಯಾ ದ ಓರ್ಟಾ ಎಂಬ ವೈದ್ಯನ ಪುಸ್ತಕದಲ್ಲೇ ಈ ಪದ ಇದೆ. ಕೊಪ್ರ ಪರ್ಷಿಯಾ ಕೊಲ್ಲಿಯ ಹೊರ್ಮುಜ್‌ಗೂ ಹೋಗುತ್ತೆ, ಘಟ್ಟದ ಮೇಲಕ್ಕೂ ಹೋಗುತ್ತೆ ಅಂತಾನೆ ಅವನು. ಆಮೇಲೆ ಪದ ಡಚ್ಚರ ಬಾಯಿಗೆ ಬಿತ್ತು. ಇಂಡೋನೇಷ್ಯಾದ ಜಾವಾ, ದಕ್ಷಿಣ ಆಫ್ರಿಕಾದ ಕೇಪ್ ಎರಡೂ ಅವರ ಕೈಲೇ ಇದ್ದವಲ್ಲ!

ತಮಾಷೆ ಕೇಳಿ: ಆಫ್ರಿಕಾನ್ಸ್‌ನಲ್ಲಿ ಇಡೀ ತೆಂಗಿನಕಾಯಿಗೆ ‘ಕ್ಲಾಪರ್’. ಅದು ಮಲಯ್ ಭಾಷೆಯ ‘ಕೆಲಾಪ’. ಕಾಯಿ ಹೆಸರು ಆ ಕಡೆಯದು, ಕೊಬ್ಬರಿ ಹೆಸರು ನಮ್ಮ ಕಡೆಯದು.

ಅರ್ಥ ಮಾತ್ರ ಒಂದೇ ಅಲ್ಲ. ಅಲ್ಲಿ ಕೊಪ್ರ ಅಂದ್ರೆ ಎಣ್ಣೆ ಮಿಲ್ಲಿನ ಸರಕು. ನಮ್ಮಲ್ಲಿ? ಸಂಕ್ರಾಂತಿಗೆ ಅಡಕತ್ತರೀಲಿ ಸಣ್ಣಗೆ ಕತ್ತರಿಸಿ, ಎಳ್ಳು-ಬೆಲ್ಲಕ್ಕೆ ಬೆರೆಸೋ ಮುಂಚೇನೇ ಅರ್ಧ ಬಾಯಿಗೆ ಹೋಗೋದು.

ಅಂದಹಾಗೆ, ‘ಗಂಡಸಿ ಹ್ಯಾಂಡ್‌ಪೋಸ್ಟ್’ ಅಂತೀವಲ್ಲ, ಆ ಹ್ಯಾಂಡ್‌ಪೋಸ್ಟೂ ಇಂಗ್ಲಿಷಿನ ಎರವಲೇ, ದಾರಿ ತೋರೋ ಕಂಬ. ಅಚ್ಚ ಕನ್ನಡದಲ್ಲಿ ಕೈಮರ. ಬಸ್ಸಲ್ಲಿ ‘ಗಂಡಸಿ ಕೈಮರ, ಒಂದು’ ಅಂತ ಟಿಕೆಟ್ ಕೇಳಿ, ಕಂಡಕ್ಟರ್ ಮುಖ ನೋಡಿ!