ದೊಡ್ಡ ಆಡಿಟ್ ಸಂಸ್ಥೆಯಲ್ಲಿ ಕೆಲಸ: ಸೇರುವ ಮುನ್ನ ಕುಟುಂಬ ತಿಳಿದಿರಬೇಕಾದ ಸಂಗತಿಗಳು

ತುಮಕೂರು, ಗುಬ್ಬಿ, ಕುಣಿಗಲ್ ಭಾಗದ ಮನೆಗಳಲ್ಲಿ ಬಿ.ಕಾಂ., ಎಂ.ಕಾಂ. ಅಥವಾ ಸಿ.ಎ. ಮುಗಿಸಿದ ಮಕ್ಕಳಿಗೆ ಬೆಂಗಳೂರಿನ ದೊಡ್ಡ ಆಡಿಟ್ ಮತ್ತು ಸಲಹಾ ಸಂಸ್ಥೆಯಿಂದ ಆಫರ್ ಲೆಟರ್ ಬಂದರೆ ಅದು ಸಂಭ್ರಮದ ಸುದ್ದಿ. ಬಸದಿಗೆ ಹೋದಾಗ ನಾಲ್ಕು ಜನರಿಗೆ ಹೇಳಿಕೊಳ್ಳುವ ವಿಷಯ. ಆದರೆ ಅಲ್ಲಿ ದಿನ ಹೇಗೆ ಕಳೆಯುತ್ತದೆ, ಊಟ ಎಷ್ಟು ಹೊತ್ತಿಗೆ, ಹಬ್ಬಕ್ಕೆ ರಜೆ ಇದೆಯೇ ಎಂಬುದನ್ನು ಮೊದಲೇ ಕೇಳಿ ತಿಳಿದುಕೊಳ್ಳುವ ಕುಟುಂಬಗಳು ಕಡಿಮೆ. ಈ ಸಂಸ್ಥೆಗಳ ಕೆಲಸದ ಸ್ವರೂಪ ಮತ್ತು ಅಲ್ಲಿ ದುಡಿದವರ ಸಾಮಾನ್ಯ ಅನುಭವವನ್ನು ಇಲ್ಲಿ ವಿವರಿಸಲಾಗಿದೆ.

ಯಾವುವು ಈ ಸಂಸ್ಥೆಗಳು?

ಡೆಲಾಯ್ಟ್, ಪಿಡಬ್ಲ್ಯುಸಿ, ಇವೈ ಮತ್ತು ಕೆಪಿಎಂಜಿ ಎಂಬ ನಾಲ್ಕನ್ನು ಸೇರಿಸಿ ‘ಬಿಗ್ ಫೋರ್’ ಎನ್ನುವುದು ರೂಢಿ. ಮೊದಲು ಐದಿದ್ದವು. ಅಮೆರಿಕದ ಎನ್ರಾನ್ ಹಗರಣದ ನಂತರ 2002ರಲ್ಲಿ ಆರ್ಥರ್ ಆಂಡರ್ಸನ್ ಕುಸಿದು ನಾಲ್ಕು ಉಳಿದವು. ಲೆಕ್ಕಪರಿಶೋಧನೆ, ತೆರಿಗೆ, ಆಡಳಿತ ಸಲಹೆ, ತಂತ್ರಜ್ಞಾನ ಸಲಹೆ ಇವುಗಳ ಮುಖ್ಯ ಕೆಲಸ.

ಬೆಂಗಳೂರಿನಲ್ಲಿ ಇವುಗಳ ಕೆಲಸ ಎರಡು ಬಗೆಯದು. ಒಂದು, ಭಾರತದ ಕಂಪನಿಗಳ ಆಡಿಟ್ ಮತ್ತು ತೆರಿಗೆ ನೋಡುವ ಭಾರತೀಯ ಕಚೇರಿ. ಇನ್ನೊಂದು, ಅಮೆರಿಕ, ಯುರೋಪ್ ಮೊದಲಾದ ಕಡೆಯ ಕೆಲಸವನ್ನು ಇಲ್ಲಿ ಕುಳಿತು ಮಾಡಿಕೊಡುವ ಜಾಗತಿಕ ಸೇವಾ ಕೇಂದ್ರ. ಹೆಸರು ಒಂದೇ ಇದ್ದರೂ ಕೆಲಸದ ವೇಳೆ, ರಜೆ, ಕಲಿಕೆ ಎಲ್ಲವೂ ಬೇರೆ. ಆದ್ದರಿಂದ ಕೇಳಬೇಕಾದ ಮೊದಲ ಪ್ರಶ್ನೆ: ಯಾವ ವಿಭಾಗ, ಯಾವ ದೇಶದ ಕೆಲಸ?

ಸೀಸನ್ ಎಂಬ ಒತ್ತಡದ ಕಾಲ

ಈ ವೃತ್ತಿಯಲ್ಲಿ ವರ್ಷವಿಡೀ ಒಂದೇ ಸಮನಾದ ಕೆಲಸ ಇರುವುದಿಲ್ಲ. ಭಾರತದ ಲೆಕ್ಕದ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಷೇರುಪೇಟೆಯಲ್ಲಿ ನೋಂದಾಯಿತ ಕಂಪನಿಗಳು 60 ದಿನಗಳೊಳಗೆ ಆಡಿಟ್ ಆದ ವಾರ್ಷಿಕ ಫಲಿತಾಂಶ ಪ್ರಕಟಿಸಬೇಕು. ಹೀಗಾಗಿ ಏಪ್ರಿಲ್, ಮೇ ತಿಂಗಳು ಆಡಿಟ್ ವಿಭಾಗಕ್ಕೆ ಭಾರ. ತೆರಿಗೆ ವಿಭಾಗಕ್ಕೆ ಸೆಪ್ಟೆಂಬರ್ ಭಾರ. ತೆರಿಗೆ ಆಡಿಟ್ ವರದಿಗೆ ಸಾಮಾನ್ಯವಾಗಿ ಸೆಪ್ಟೆಂಬರ್ 30 ಕೊನೆಯ ದಿನ. ಅಮೆರಿಕದ ಬಹುಪಾಲು ಕಂಪನಿಗಳ ವರ್ಷ ಡಿಸೆಂಬರ್ 31ಕ್ಕೆ ಮುಗಿಯುವುದರಿಂದ ಆ ದೇಶದ ಕೆಲಸ ಮಾಡುವವರಿಗೆ ಜನವರಿಯಿಂದ ಏಪ್ರಿಲ್ 15ರವರೆಗೆ ಬಿಡುವಿರುವುದಿಲ್ಲ.

ಈ ದಿನಗಳಲ್ಲಿ ರಾತ್ರಿ ಹತ್ತು, ಹನ್ನೊಂದರವರೆಗೆ ಕೆಲಸ, ಶನಿವಾರವೂ ಕೆಲಸ ಎಂಬುದು ಸಾಮಾನ್ಯ ಅನುಭವ. ಸೀಸನ್ ಮುಗಿದ ಮೇಲೆ ಸ್ವಲ್ಪ ಸಡಿಲ. ಪ್ರತಿ ವಾರ ಯಾವ ಕಕ್ಷಿದಾರರಿಗೆ ಎಷ್ಟು ಗಂಟೆ ದುಡಿದೆ ಎಂದು ಟೈಮ್‌ಶೀಟ್ ತುಂಬಬೇಕು. ಹೊಸಬರು ಹಲವೊಮ್ಮೆ ನಿಜವಾಗಿ ದುಡಿದ ಗಂಟೆಗಳನ್ನು ಕಡಿಮೆ ಮಾಡಿ ಬರೆಯುತ್ತಾರೆ, ತಾವು ನಿಧಾನ ಎಂದುಕೊಂಡಾರು ಎಂಬ ಅಂಜಿಕೆಯಿಂದ. ಇದರಿಂದ ಮುಂದಿನ ವರ್ಷದ ಕೆಲಸಕ್ಕೆ ಕೊಡುವ ಸಮಯವೂ ಕಡಿಮೆಯಾಗುತ್ತದೆ. ಇದ್ದದ್ದನ್ನು ಇದ್ದಂತೆ ಬರೆಯುವುದೇ ಸರಿ.

ಊಟ ಮತ್ತು ಪರ್ವ

ಸೂರ್ಯಾಸ್ತದ ಮೊದಲು ಊಟ ಮುಗಿಸುವ ನಿಯಮ ಇಟ್ಟುಕೊಂಡವರಿಗೆ ಪಾಳಿಯ ಪ್ರಶ್ನೆ ಮುಖ್ಯ. ಬೆಂಗಳೂರಿನಲ್ಲಿ ನವೆಂಬರ್‌ನಲ್ಲಿ ಸೂರ್ಯಾಸ್ತ ಸುಮಾರು ಸಂಜೆ 5.50ಕ್ಕೆ, ಜುಲೈನಲ್ಲಿ ಸುಮಾರು 6.50ಕ್ಕೆ. ಮಧ್ಯಾಹ್ನ ಎರಡಕ್ಕೆ ಶುರುವಾಗಿ ರಾತ್ರಿ ಹನ್ನೊಂದಕ್ಕೆ ಮುಗಿಯುವ ಪಾಳಿಯಲ್ಲಿ ಐದೂವರೆಗೆ ಡಬ್ಬಿ ತೆರೆದು ಊಟ ಮಾಡಲು ಅರ್ಧ ಗಂಟೆ ಬೇಕು. ಮೊದಲ ವಾರವೇ ಮೇಲಿನವರಿಗೆ ವಿಷಯ ಹೇಳಿ, ಆ ಅರ್ಧ ಗಂಟೆಯನ್ನು ಕಚೇರಿ ಕ್ಯಾಲೆಂಡರ್‌ನಲ್ಲಿ ಗುರುತು ಮಾಡಿಟ್ಟರೆ ಅನುಕೂಲ. ಸಂಕೋಚದಿಂದ ಹೇಳದೆ ಉಳಿದವರು ಸಂಜೆ ಊಟ ಬಿಟ್ಟು, ರಾತ್ರಿ ಬರೀ ಹೊಟ್ಟೆಯಲ್ಲಿ ಮಲಗಿ ಆರೋಗ್ಯ ಕೆಡಿಸಿಕೊಳ್ಳುತ್ತಾರೆ. ಕ್ಯಾಂಟೀನ್‌ಗಳಲ್ಲಿ ಸಸ್ಯಾಹಾರ ಸಿಗುತ್ತದೆ. ಆದರೆ ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಇಲ್ಲದ ಅಡುಗೆ ಎಲ್ಲ ಕಡೆ ಸಿಗುವುದಿಲ್ಲ. ಮನೆಯ ಡಬ್ಬಿಯೇ ಗತಿ.

ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗಿನ ದಶಲಕ್ಷಣ ಪರ್ವ ಬಹುತೇಕ ವರ್ಷಗಳಲ್ಲಿ ತೆರಿಗೆ ಆಡಿಟ್‌ನ ಒತ್ತಡದ ದಿನಗಳ ಆಸುಪಾಸಿನಲ್ಲೇ ಬರುತ್ತದೆ. ಮಹಾವೀರ ಜಯಂತಿಗೆ ರಾಜ್ಯದಲ್ಲಿ ಸರ್ಕಾರಿ ರಜೆ ಇದ್ದರೂ, ವಿದೇಶಿ ಕಕ್ಷಿದಾರರ ತಂಡಗಳಲ್ಲಿ ರಜೆಯ ಪಟ್ಟಿ ಬೇರೆ ಇರಬಹುದು. ವರ್ಷದ ಆರಂಭದಲ್ಲೇ ಪಟ್ಟಿ ನೋಡಿ ರಜೆ ಬರೆದಿಡುವುದು ಒಳ್ಳೆಯದು.

ಓಡಾಟವೋ, ಪಿ.ಜಿ.ಯೋ?

ತುಮಕೂರು ಮತ್ತು ಕುಣಿಗಲ್ ಎರಡೂ ಬೆಂಗಳೂರಿನಿಂದ ಸುಮಾರು 70 ಕಿ.ಮೀ. ದೂರ. ಗುಬ್ಬಿ ತುಮಕೂರಿನಿಂದ ಆಚೆ ಇನ್ನೂ ಸುಮಾರು 20 ಕಿ.ಮೀ. ಗುಬ್ಬಿ, ತುಮಕೂರಿಗೆ ಹಳೆಯ ರೈಲು ಮಾರ್ಗವಿದೆ. ಕುಣಿಗಲ್‌ಗೆ 2017ರಿಂದ ಹಾಸನ ಮಾರ್ಗದ ರೈಲು ಸಿಗುತ್ತಿದೆ. ಸೀಸನ್ ಟಿಕೆಟ್ ಮಾಡಿಸಿ ದಿನವೂ ಓಡಾಡುವವರು ಬಹಳ. ಆದರೆ ಯಶವಂತಪುರದಲ್ಲಿ ಇಳಿದು ವೈಟ್‌ಫೀಲ್ಡ್ ಅಥವಾ ಹೊರವರ್ತುಲ ರಸ್ತೆಯ ಕಚೇರಿಗೆ ಹೋಗಬೇಕಾದರೆ ನಗರವನ್ನು ಅಡ್ಡ ದಾಟಬೇಕು. ಎರಡೂ ಕಡೆ ಸೇರಿ ದಿನಕ್ಕೆ ಐದಾರು ಗಂಟೆ ದಾರಿಯಲ್ಲೇ ಕಳೆದರೆ ನಿದ್ದೆಗೆ ಹೊತ್ತೆಲ್ಲಿ? ವಾರಕ್ಕೆ ಎರಡು, ಮೂರು ದಿನ ಮಾತ್ರ ಕಚೇರಿಗೆ ಹೋಗುವ ತಂಡವಾದರೆ ಊರಿನಿಂದ ಓಡಾಡಬಹುದು. ಇಲ್ಲದಿದ್ದರೆ ಕಚೇರಿಯ ಹತ್ತಿರ ಇರುವುದೇ ಕ್ಷೇಮ. ರಾತ್ರಿ ಪಾಳಿ ಇದ್ದರೆ ಕ್ಯಾಬ್ ವ್ಯವಸ್ಥೆ ಇದೆಯೇ ಎಂದು, ಮುಖ್ಯವಾಗಿ ಹೆಣ್ಣುಮಕ್ಕಳ ವಿಷಯದಲ್ಲಿ, ಕೇಳಲೇಬೇಕು.

ಸಂಬಳದ ಲೆಕ್ಕ, ಷೇರಿನ ಲೆಕ್ಕ

ಆಫರ್ ಲೆಟರ್‌ನಲ್ಲಿ ಕಾಣುವ ಸಿ.ಟಿ.ಸಿ. ಕೈಗೆ ಬರುವ ಸಂಬಳವಲ್ಲ. ಕಂಪನಿ ಕಟ್ಟುವ ಭವಿಷ್ಯನಿಧಿ, ಗ್ರಾಚ್ಯುಟಿ, ವರ್ಷದ ಕೊನೆಗೆ ಸಿಗಬಹುದಾದ ಬೋನಸ್ ಎಲ್ಲವೂ ಅದರಲ್ಲಿ ಸೇರಿರುತ್ತವೆ. ತಿಂಗಳಿಗೆ ಕೈಗೆ ಎಷ್ಟು ಎಂದು ಎಚ್.ಆರ್. ಅವರನ್ನೇ ಕೇಳಬಹುದು. ಕೆಲಸ ಬಿಡಲು ಎಷ್ಟು ದಿನದ ನೋಟಿಸ್ ಕೊಡಬೇಕು ಎಂಬುದನ್ನೂ ಓದಿಕೊಳ್ಳಬೇಕು. ಎರಡು, ಮೂರು ತಿಂಗಳು ಸಾಮಾನ್ಯ.

ಷೇರಿನಲ್ಲಿ ಹಣ ತೊಡಗಿಸುವ ಕುಟುಂಬಗಳು ಇನ್ನೊಂದು ವಿಷಯ ಗಮನಿಸಬೇಕು. 2013ರ ಕಂಪನಿ ಕಾಯ್ದೆಯ 141ನೇ ಸೆಕ್ಷನ್ ಪ್ರಕಾರ ಆಡಿಟರ್ ತಾನು ಆಡಿಟ್ ಮಾಡುವ ಕಂಪನಿಯ ಷೇರು ಹೊಂದುವಂತಿಲ್ಲ. ಸಂಬಂಧಿಕರಿಗೆ ಮುಖಬೆಲೆಯಲ್ಲಿ 1 ಲಕ್ಷ ರೂಪಾಯಿಯ ಮಿತಿ ಇದೆ. ದೊಡ್ಡ ಸಂಸ್ಥೆಗಳು ತಮ್ಮದೇ ನಿಯಮದಿಂದ ಇದನ್ನು ಉದ್ಯೋಗಿಗಳಿಗೂ ವಿಸ್ತರಿಸಿ, ಅವರ ಮತ್ತು ಪತಿ ಅಥವಾ ಪತ್ನಿಯ ಹೂಡಿಕೆಯ ವಿವರ ಕೇಳುತ್ತವೆ. ತಂದೆ ಮಗನ ಹೆಸರಿನಲ್ಲಿ ಕೊಂಡ ಷೇರು ಮಗನ ಕೆಲಸಕ್ಕೇ ಕುತ್ತಾಗಬಹುದು. ಸೇರುವ ಮೊದಲೇ ಪಟ್ಟಿ ಮಾಡಿ ತಿಳಿಸುವುದು ಲೇಸು.

ಕಲಿಕೆಯ ಲಾಭ

ಇಷ್ಟೆಲ್ಲ ಇದ್ದರೂ ಮೂರು, ನಾಲ್ಕು ವರ್ಷ ಅಲ್ಲಿ ದುಡಿದವರು ಸಾಮಾನ್ಯವಾಗಿ ಒಪ್ಪುವ ಮಾತೊಂದಿದೆ: ಕಲಿಕೆ ದೊಡ್ಡದು. ವ್ಯವಸ್ಥಿತ ತರಬೇತಿ, ದೊಡ್ಡ ಕಂಪನಿಗಳ ಲೆಕ್ಕ ನೋಡುವ ಅವಕಾಶ, ಮುಂದಿನ ಕೆಲಸಕ್ಕೆ ತೂಕ. ಆದರೆ ಅಲ್ಲಿ ಕಲಿಯುವುದು ಒಂದು ಭಾಗವನ್ನು ಆಳವಾಗಿ. ತುಮಕೂರಿನ ಸಣ್ಣ ಸಿ.ಎ. ಕಚೇರಿಯಲ್ಲಿ ಜಿ.ಎಸ್.ಟಿ., ಆದಾಯ ತೆರಿಗೆ, ಬ್ಯಾಂಕ್ ಆಡಿಟ್ ಎಲ್ಲವೂ ಒಬ್ಬರ ಕೈ ಮೇಲೆ ಹಾಯುತ್ತವೆ. ಊರಿಗೆ ಮರಳಿ ಸ್ವಂತ ಕಚೇರಿ ತೆರೆಯುವ ಆಸೆ ಇರುವವರಿಗೆ ಅದೂ ಒಳ್ಳೆಯ ದಾರಿ. ಸಿ.ಎ. ವಿದ್ಯಾರ್ಥಿಗಳ ಆರ್ಟಿಕಲ್‌ಶಿಪ್ 2023ರ ಹೊಸ ಯೋಜನೆಯಲ್ಲಿ ಮೂರರಿಂದ ಎರಡು ವರ್ಷಕ್ಕೆ ಇಳಿದಿದೆ. ಆ ಎರಡು ವರ್ಷ ಎಲ್ಲಿ ಕಳೆಯಬೇಕು ಎಂಬುದು ಯೋಚಿಸಬೇಕಾದ ವಿಷಯ.

ಕುಟುಂಬ ಮಾಡಬೇಕಾದದ್ದು

2024ರ ಜುಲೈನಲ್ಲಿ ಪುಣೆಯಲ್ಲಿ ಇಂಥದ್ದೇ ಸಂಸ್ಥೆಗೆ ಸೇರಿ ನಾಲ್ಕು ತಿಂಗಳಾಗಿದ್ದ 26 ವರ್ಷದ ಚಾರ್ಟರ್ಡ್ ಅಕೌಂಟೆಂಟ್ ಒಬ್ಬರು ತೀರಿಕೊಂಡರು. ಮಗಳು ವಿಶ್ರಾಂತಿಯೇ ಇಲ್ಲದೆ ದುಡಿದಳು ಎಂದು ತಾಯಿ ಸಂಸ್ಥೆಯ ಮುಖ್ಯಸ್ಥರಿಗೆ ಬರೆದ ಪತ್ರ ಸೆಪ್ಟೆಂಬರ್‌ನಲ್ಲಿ ದೇಶವ್ಯಾಪಿ ಚರ್ಚೆಯಾಯಿತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸ್ವಯಂಪ್ರೇರಿತವಾಗಿ ವಿಷಯ ಕೈಗೆತ್ತಿಕೊಂಡಿತು. ಕೆಲಸದ ಒತ್ತಡವೇ ಕಾರಣ ಎಂಬುದನ್ನು ಸಂಸ್ಥೆ ಒಪ್ಪಲಿಲ್ಲ. ಕಾರಣ ಏನೇ ಇರಲಿ, ಆ ಪತ್ರ ಓದಿದ ತಂದೆತಾಯಿಯರು ತಮ್ಮ ಮಕ್ಕಳಿಗೆ ಫೋನ್ ಮಾಡಿ ಕೇಳಬೇಕಾದ ಪ್ರಶ್ನೆ ಒಂದಿದೆ: ನಿದ್ದೆ ಆಗುತ್ತಿದೆಯೇ?

ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ದಿನಕ್ಕೆ 9, ವಾರಕ್ಕೆ 48 ಗಂಟೆಗಳ ಮಿತಿ ಹಾಕಿತ್ತು. ಆದರೆ ಆಡಳಿತ ಹುದ್ದೆಯಲ್ಲಿರುವವರನ್ನು ಅದು ಹೊರಗಿಟ್ಟಿದೆ. ಕಾನೂನು ಇದ್ದರೂ ಹೊಸದಾಗಿ ಸೇರಿದವರು ಅದನ್ನು ಎತ್ತಿ ಮಾತನಾಡುವುದು ಅಪರೂಪ. ಮನೆಯ ಬೆಂಬಲ ಬೇಕಾಗುವುದು ಇಲ್ಲೇ. ಸತತ ನಿದ್ದೆಗೆಡುವುದು, ಎದೆ ಬಿಗಿತ, ಊಟ ಸೇರದಿರುವುದು, ಭಾನುವಾರ ಸಂಜೆಯಾದರೆ ಮಂಕಾಗುವುದು ಕಂಡರೆ ‘ಸ್ವಲ್ಪ ಸಹಿಸಿಕೋ, ದೊಡ್ಡ ಕಂಪನಿ’ ಎನ್ನಬಾರದು. ವೈದ್ಯರಿಗೆ ತೋರಿಸಿ, ತಂಡ ಬದಲಿಸಲು ಕೇಳಿ, ಆಗದಿದ್ದರೆ ಕೆಲಸ ಬಿಡಲು ಧೈರ್ಯ ಹೇಳಬೇಕು. ಮದುವೆ ಮಾತುಕತೆಯಲ್ಲಿ ಕಂಪನಿಯ ಹೆಸರು ಹೇಳಿಕೊಂಡಿದ್ದೇವೆ, ಈಗ ಬಿಟ್ಟರೆ ಜನ ಏನೆಂದಾರು ಎಂಬ ಅಂಜಿಕೆ ಮಕ್ಕಳ ಬಾಯಿ ಕಟ್ಟುತ್ತದೆ. ಊರಿಗೆ ಮರಳಿದರೆ ಅವಮಾನವಿಲ್ಲ ಎಂಬ ಮಾತು ಸೇರುವ ದಿನವೇ ಮನೆಯಲ್ಲಿ ಆಗಿದ್ದರೆ, ಕಷ್ಟ ಬಂದಾಗ ಅವರು ಬಾಯಿ ಬಿಟ್ಟು ಹೇಳುತ್ತಾರೆ.