ಕ್ಯಾಮೆರಾ ನಿಮ್ಮದು, ಚಿತ್ರ ಯಾರದು?



"ಕೆಲಸದ ಜೊತೆಗೇ ಫೋಟೋ ತೆಗೆದು ನಾಲ್ಕು ಕಾಸು ಸಂಪಾದಿಸಬಹುದೇ?" ಕಾರ್ಯಕ್ರಮ ಮುಗಿದ ಮೇಲೂ ಫೋನಿನಲ್ಲಿ ಈ ಪ್ರಶ್ನೆ ಬರುತ್ತಲೇ ಇರುತ್ತದೆ. ಸಂಪಾದಿಸಬಹುದು. ನಮ್ಮ ಮೈಸೂರಿನ ಟಿ.ಎಸ್. ಸತ್ಯನ್ (1923–2009) ಮೊದಲು ಮೇಷ್ಟ್ರಾಗಿದ್ದವರು. ಆಮೇಲೆ ಪತ್ರಿಕೆಯ ನೌಕರಿಯನ್ನೂ ಬಿಟ್ಟು ಸ್ವತಂತ್ರ ಛಾಯಾಗ್ರಾಹಕರಾಗಿ ದೆಹಲಿಯಲ್ಲಿ ಬದುಕು ಕಟ್ಟಿಕೊಂಡರು. ಅವರ ಚಿತ್ರಗಳಲ್ಲಿ ಹೆಚ್ಚಾಗಿ ಇರುವವರು ಬೀದಿಯ ಮಕ್ಕಳು, ಸಾಮಾನ್ಯ ಜನ. ಅಂಥವರು ನಿಮ್ಮ ಗಲ್ಲಿಯಲ್ಲೂ ಇದ್ದಾರಲ್ಲ!

ಕಲಿಯುವುದು ಎಲ್ಲಿ ಅಂತೀರಾ? ಮುಂಬಯಿಯವರಾದರೆ ಯಕ್ಷಗಾನಕ್ಕೆ ಹೋಗಿ. ಮಳೆಗಾಲದಲ್ಲಿ ಊರಿನ ಮೇಳಗಳ ತಿರುಗಾಟ ನಿಂತಾಗ ಕಲಾವಿದರ ತಂಡಗಳು ಇಲ್ಲಿಗೆ ಬರುವುದು ನಿಮಗೆ ಗೊತ್ತೇ ಇದೆ. ಸಂಘಟಕರನ್ನು ಒಂದು ಮಾತು ಕೇಳಿ, ಫ್ಲ್ಯಾಶ್ ಆಫ್ ಮಾಡಿ, ಪಕ್ಕದಲ್ಲಿ ನಿಂತುಕೊಳ್ಳಿ. ವೇಷದ ಹಿಂದೆ ಕಪ್ಪು ಪರದೆ, ಮುಖದ ಮೇಲೆ ಜೋರು ಬೆಳಕು. ಕ್ಯಾಮೆರಾದ ಮೀಟರ್ ಇಡೀ ದೃಶ್ಯದ ಸರಾಸರಿ ನೋಡಿ "ಅಯ್ಯೋ, ಕತ್ತಲು" ಎಂದುಕೊಂಡು ಬೆಳಕನ್ನು ಹೆಚ್ಚು ಬಿಟ್ಟುಕೊಳ್ಳುತ್ತದೆ. ಆಗ ಮುಖದ ಬಣ್ಣಗಾರಿಕೆಯೆಲ್ಲ ಸುಣ್ಣ ಬಳಿದಂತೆ ಬೆಳ್ಳಗಾಗುತ್ತದೆ. ಎಕ್ಸ್‌ಪೋಷರನ್ನು ಒಂದು ಅಥವಾ ಎರಡು ಸ್ಟಾಪ್ ಇಳಿಸಿ, ಇಲ್ಲವೇ ಸ್ಪಾಟ್ ಮೀಟರಿಂಗ್ ಇಟ್ಟು ಮುಖವನ್ನೇ ಅಳೆಯಿರಿ. ದಿಗಿಣ ಹಾಕುವಾಗ ಶಟರ್ 1/500 ಸೆಕೆಂಡ್ ಆದರೂ ಬೇಕು. ಲೆನ್ಸನ್ನು ಎಫ್ 2.8ಕ್ಕೆ ತೆರೆದರೂ ಐಎಸ್‌ಒ 3200ರ ತನಕ ಏರಬೇಕಾಗಬಹುದು. ಚಿತ್ರದಲ್ಲಿ ಸ್ವಲ್ಪ ಕಾಳುಕಾಳು ಬಂದರೆ ಬರಲಿ ಬಿಡಿ, ಅಲುಗಾಡಿದ ಚಿತ್ರಕ್ಕಿಂತ ಅದೇ ಮೇಲು.

ಹಗಲಿಗೊಂದು ಹಳೆಯ ಲೆಕ್ಕ ಇದೆ. ಬಿರುಬಿಸಿಲಿಗೆ ಎಫ್ 16, ಶಟರ್ ಐಎಸ್‌ಒ ಸಂಖ್ಯೆಯಷ್ಟು. ಅಂದರೆ ಐಎಸ್‌ಒ 100ಕ್ಕೆ ಸುಮಾರು 1/100 ಸೆಕೆಂಡ್. ಮೋಡ ಕವಿದರೆ ಎಫ್ 8, ಮರದ ನೆರಳಿಗೆ ಎಫ್ 4. ಮೀಟರ್ ನೋಡದೆ ಒಂದು ವಾರ ಹೀಗೇ ತೆಗೆದು ನೋಡಿ, ಬೆಳಕಿನ ಅಂದಾಜು ತಾನಾಗಿ ಸಿಗುತ್ತದೆ. ದುಬಾರಿ ಕೋರ್ಸಿನ ಯೋಚನೆ ಆಮೇಲೆ ಮಾಡಿದರಾಯಿತು.

ಇನ್ನು ಯಾರೂ ಹೇಳಿಕೊಡದ ಸಂಗತಿ, ಹಕ್ಕಿನದು. ನಿಮ್ಮಷ್ಟಕ್ಕೆ ನೀವು ತೆಗೆದ ಆ ಯಕ್ಷಗಾನದ ಚಿತ್ರದ ಕೃತಿಸ್ವಾಮ್ಯ ನಿಮ್ಮದೇ. 2012ರ ತಿದ್ದುಪಡಿಯ ನಂತರ ಅದು ನಿಮ್ಮ ಜೀವಮಾನ ಮತ್ತು ಆಮೇಲೆ 60 ವರ್ಷ ಉಳಿಯುತ್ತದೆ. ಆದರೆ ಮದುವೆಯವರೋ ಕಂಪನಿಯವರೋ ದುಡ್ಡು ಕೊಟ್ಟು ತೆಗೆಸಿಕೊಂಡರೆ? ಬೇರೆ ಒಪ್ಪಂದ ಇಲ್ಲದಿದ್ದರೆ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಮೊದಲ ಒಡೆತನ ತೆಗೆಸಿಕೊಂಡವರದ್ದು! ಆ ಚಿತ್ರವನ್ನು ನಿಮ್ಮ ಮಾದರಿ ಆಲ್ಬಮ್ಮಿಗೆ ಹಾಕಿಕೊಳ್ಳುವುದಕ್ಕೂ ಅವರ ಒಪ್ಪಿಗೆ ಕೇಳಬೇಕು. ಆದ್ದರಿಂದ ಮುಂಗಡ ತೆಗೆದುಕೊಳ್ಳುವಾಗಲೇ ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಚಿತ್ರದ ಹಕ್ಕು ಯಾರಿಗೆ, ಎಲ್ಲೆಲ್ಲಿ ಬಳಸಬಹುದು, ಎಷ್ಟು ವರ್ಷ. ನಿಮ್ಮ ಹಕ್ಕನ್ನು ಬರೆದುಕೊಡುವಾಗ ಅವಧಿ ಹಾಕದಿದ್ದರೆ ಕಾನೂನು 5 ವರ್ಷ ಎಂದು ಎಣಿಸುತ್ತದೆ, ಪ್ರದೇಶ ಹೇಳದಿದ್ದರೆ ಭಾರತ ಮಾತ್ರ. "ನಮ್ಮವರೇ ಅಲ್ವಾ, ಕಾಗದ ಯಾಕೆ" ಅನ್ನುವವರ ಹತ್ತಿರವೇ, ನನ್ನ ಕೇಳಿದರೆ, ಕಾಗದ ಮೊದಲು ಬೇಕು.

ದರ ಹೇಳುವಾಗ ದಿನದ ಕೂಲಿಯನ್ನಷ್ಟೇ ಲೆಕ್ಕ ಹಾಕಬೇಡಿ. ಬಾಡಿಗೆ ಲೆನ್ಸು, ಟ್ಯಾಕ್ಸಿ, ರಾತ್ರಿ ಕೂತು ಚಿತ್ರ ಆರಿಸಿ ತಿದ್ದುವ ಹೊತ್ತು, ಎಲ್ಲವೂ ಸೇರಲಿ. ಕಂಪನಿಗಳಿಂದ ಹಣ ಬರಲು ತಿಂಗಳುಗಳೇ ಹಿಡಿಯುವುದುಂಟು. ಹಾಗಾಗಿ ಆರು ತಿಂಗಳ ಮನೆಖರ್ಚು ಕೈಯಲ್ಲಿ ಇಲ್ಲದೆ ಈಗಿನ ನೌಕರಿಗೆ ರಾಜೀನಾಮೆ ಬರೆಯಬೇಡಿ. ಮದುವೆ ಮನೆಯಿಂದ ಬಂದ ರಾತ್ರಿ ಎಷ್ಟೇ ನಿದ್ದೆ ಬಂದಿರಲಿ, ಚಿತ್ರಗಳನ್ನು ಎರಡು ಕಡೆ ಕಾಪಿ ಮಾಡಿಯೇ ಮಲಗಿ. ತಾಳಿ ಕಟ್ಟುವುದನ್ನು ಇನ್ನೊಮ್ಮೆ ಮಾಡಿಸಲಿಕ್ಕಾಗುವುದಿಲ್ಲ ನೋಡಿ.