ಮೊಬೈಲ್ ಪರದೆಯ ಮೇಲಿನ ಕೈಮರ

ಅಪರಿಚಿತವಾದ ಊರಿಗೆ ಹೋದವನಿಗೆ ಮೊದಲು ಬೇಕಾಗುವುದು ಆ ಊರಿನ ಚೆಲುವಲ್ಲ, ದಾರಿ. ಮೂರು ರಸ್ತೆಗಳು ಕೂಡುವಲ್ಲಿ ಒಂದು ಕೈಮರವಿದ್ದು, ಅದರ ಮೇಲಿನ ಅಕ್ಷರಗಳು ಮಾಸದೆ ಇದ್ದರೆ, ಅವನು ಯಾರನ್ನೂ ಕೇಳದೆ ತಾನು ಸೇರಬೇಕಾದಲ್ಲಿಗೆ ಸೇರುತ್ತಾನೆ. ಜಾಲತಾಣವೆಂಬುದೂ ಇಂತಹ ಒಂದು ಊರೇ. ಅದರಲ್ಲಿ ಅನೇಕ ಪುಟಗಳುಂಟು. ಒಂದರಿಂದ ಮತ್ತೊಂದಕ್ಕೆ ಹೋಗುವ ದಾರಿಗಳುಂಟು. ಆ ದಾರಿಗಳ ಹೆಸರುಗಳನ್ನು ಒಂದೆಡೆ ಬರೆದಿಟ್ಟ ಪಟ್ಟಿಗೆ ಮೆನು ಎಂದು ಹೆಸರು. ಈ ಪಟ್ಟಿಯನ್ನು ಹೇಗೆ ರಚಿಸಿದರೆ ಮೊಬೈಲಿನಲ್ಲಿ ನೋಡುವವನಿಗೆ ಅನುಕೂಲ, ಹೇಗೆ ರಚಿಸಿದರೆ ತೊಡಕು ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇನೆ. ಇದು ಎಂಜಿನಿಯರುಗಳ ವಿಷಯ, ಕಲಾ ವಿಭಾಗದ ವಿದ್ಯಾರ್ಥಿಗೆ ಇದೇಕೆ ಎಂದು ಕೆಲವರು ಕೇಳಬಹುದು. ಪ್ರವೇಶ, ಪರೀಕ್ಷೆ, ವಿದ್ಯಾರ್ಥಿವೇತನ, ಫಲಿತಾಂಶ ಎಲ್ಲವೂ ಜಾಲತಾಣದ ಮೂಲಕವೇ ನಡೆಯುವ ಈ ದಿನಗಳಲ್ಲಿ, ಮನೆಯಲ್ಲಿ ಕಂಪ್ಯೂಟರಿಲ್ಲದ ನಮ್ಮಂಥವರಿಗೆ ಮೊಬೈಲೇ ಕಚೇರಿಯ ಬಾಗಿಲು. ಆ ಬಾಗಿಲು ಎಲ್ಲಿದೆ ಎಂಬ ಪ್ರಶ್ನೆ ಎಲ್ಲರಿಗೂ ಸಂಬಂಧಿಸಿದುದೇ ಸರಿ.

ಮೊದಮೊದಲು ಜಾಲತಾಣಗಳನ್ನು ರಚಿಸಿದವರು ಕಂಪ್ಯೂಟರಿನ ಅಗಲವಾದ ಪರದೆಯನ್ನು ಕಣ್ಣಮುಂದಿಟ್ಟುಕೊಂಡು ರಚಿಸಿದರು. ಪುಟದ ನೆತ್ತಿಯ ಮೇಲೆ ಎಂಟು ಹತ್ತು ಹೆಸರುಗಳನ್ನು ಸಾಲಾಗಿ ಬರೆಯಲು ಅಲ್ಲಿ ಎಡೆಯಿತ್ತು. ೨೦೦೭ರಲ್ಲಿ ಬಂದ ಮೊದಲ ಐಫೋನಿನ ಪರದೆಯಾದರೋ ಮೂಲೆಯಿಂದ ಮೂಲೆಗೆ ಮೂರೂವರೆ ಅಂಗುಲ ಮಾತ್ರ. ಪರದೆಯ ಅಗಲಕ್ಕೆ ತಕ್ಕಂತೆ ಪುಟವೇ ತನ್ನನ್ನು ಹೊಂದಿಸಿಕೊಳ್ಳಬೇಕೆಂಬ ವಿಧಾನವನ್ನು ೨೦೧೦ರಲ್ಲಿ ಈಥನ್ ಮಾರ್ಕಾಟ್ ಎಂಬ ವಿನ್ಯಾಸಕಾರರು ಪ್ರತಿಪಾದಿಸಿದರು. ಚಿತ್ರ, ಬರಹಗಳು ಕಿರಿದಾಗಿ ಒಂದರ ಕೆಳಗೊಂದು ಕುಳಿತುಕೊಂಡವು. ಆದರೆ ಹತ್ತು ಹೆಸರುಗಳ ಆ ಸಾಲನ್ನು ಏನು ಮಾಡುವುದು? ಅದನ್ನು ಮಡಿಸಿ ಒಂದು ಚಿಹ್ನೆಯ ಹಿಂದೆ ಇಡುವುದೇ ಸುಲಭವೆಂದು ಬಹುಮಂದಿಗೆ ತೋರಿತು.

ಆ ಚಿಹ್ನೆಯೇ ಒಂದರ ಮೇಲೊಂದು ಎಳೆದ ಮೂರು ಅಡ್ಡಗೆರೆಗಳು. ಇದನ್ನು ಹ್ಯಾಂಬರ್ಗರ್ ಮೆನು ಎಂದು ಕರೆಯುತ್ತಾರೆ. ಇದು ಮೊಬೈಲಿನ ಕಾಲದಲ್ಲಿ ಹುಟ್ಟಿದುದಲ್ಲ. ೧೯೮೧ರಲ್ಲಿ ಹೊರಬಂದ ಜೆರಾಕ್ಸ್ ಸ್ಟಾರ್ ಎಂಬ ಕಂಪ್ಯೂಟರಿಗಾಗಿ ನಾರ್ಮ್ ಕಾಕ್ಸ್ ಎಂಬವರು ಇದನ್ನು ಬರೆದರು. ಇಲ್ಲಿ ಒಂದು ಪಟ್ಟಿಯಿದೆ ಎಂದು ಸೂಚಿಸುವುದೇ ಅವರ ಉದ್ದೇಶ. ಬಲ್ಲವರಿಗೆ ಇದು ಪಟ್ಟಿ. ಅರಿಯದವರಿಗೆ ಬರಿಯ ಗೆರೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. ನಮ್ಮ ತಂದೆಯವರಿಗೆ ಈ ಚಿಹ್ನೆಯನ್ನು ತೋರಿಸಿ ಇದೇನೆಂದು ಕೇಳಿದರೆ, “ವಿಭೂತಿ ಬಳಿದಂತಿದೆ” ಎಂದು ನಕ್ಕರೇ ಹೊರತು, ಅದನ್ನು ಒತ್ತಬಹುದೆಂಬುದು ಅವರಿಗೆ ಹೊಳೆಯಲಿಲ್ಲ. ಅವರಿಗೆ ಓದು ಬರುವುದಿಲ್ಲವೆಂದಲ್ಲ. ಅಲ್ಲಿ “ಪಟ್ಟಿ” ಎಂಬ ಎರಡಕ್ಷರವಿದ್ದಿದ್ದರೆ ಅವರೇ ಒತ್ತುತ್ತಿದ್ದರು.

ಕಣ್ಣಿಗೆ ಬೀಳದ ದಾರಿಯನ್ನು ಜನರು ಕಡಿಮೆ ಬಳಸುತ್ತಾರೆಂಬುದು ಊಹೆಯ ಮಾತಲ್ಲ. ಅಮೆರಿಕದ ನೀಲ್ಸನ್ ನಾರ್ಮನ್ ಗ್ರೂಪ್ ಎಂಬ ಸಂಸ್ಥೆ ೨೦೧೬ರಲ್ಲಿ ಆರು ಜಾಲತಾಣಗಳನ್ನು ೧೭೯ ಜನರ ಕೈಗೆ ಕೊಟ್ಟು ಪರೀಕ್ಷಿಸಿತು. ಮೊಬೈಲಿನಲ್ಲಿ ಮೆನುವನ್ನು ಪೂರ್ತಿಯಾಗಿ ಮರೆಮಾಡಿದಲ್ಲಿ ಶೇಕಡ ೫೭ ಸಂದರ್ಭಗಳಲ್ಲಿ ಮಾತ್ರ ಜನ ಅದನ್ನು ಬಳಸಿದರು. ಮುಖ್ಯವಾದ ಕೆಲವನ್ನು ಹೊರಗೆ ಕಾಣುವಂತಿಟ್ಟು ಉಳಿದುದನ್ನು ಮಡಿಸಿಟ್ಟಲ್ಲಿ ಬಳಕೆ ಶೇಕಡ ೮೬ಕ್ಕೆ ಏರಿತು. ಅಂಗಡಿಯವನು ಸಾಮಾನನ್ನೆಲ್ಲ ಅಟ್ಟದ ಮೇಲಿಟ್ಟು, ಗಿರಾಕಿ ಕೇಳಲಿಲ್ಲವೆಂದು ದೂರಿದರೆ ಆಗುವುದೇ? ಹಾಗೆಂದು ಎಲ್ಲವನ್ನೂ ಹೊರಗೆ ಹರಡಿದರೆ ಓದಬೇಕಾದ ವಿಷಯಕ್ಕೇ ಜಾಗವಿಲ್ಲದಂತಾಗುತ್ತದೆ. ಆದುದರಿಂದ ಬಹು ಬಳಕೆಯ ಮೂರರಿಂದ ಐದು ಹೆಸರುಗಳನ್ನು ಪರದೆಯ ಅಡಿಯಲ್ಲಿ ಸದಾ ಕಾಣುವಂತೆ ನಿಲ್ಲಿಸಿ, ಉಳಿದುದನ್ನು “ಇನ್ನಷ್ಟು” ಎಂಬ ಹೆಸರಿನಡಿ ಇಡುವ ಮಧ್ಯಮಾರ್ಗವನ್ನು ಈಗ ಅನೇಕರು ಹಿಡಿದಿದ್ದಾರೆ.

ಅಡಿಯಲ್ಲಿಯೇ ಏಕೆ? ಇದಕ್ಕೆ ಉತ್ತರ ನಮ್ಮ ಹೆಬ್ಬೆರಳಿನಲ್ಲಿದೆ. ಸ್ಟೀವನ್ ಹೂಬರ್ ಎಂಬವರು ೨೦೧೩ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಬೀದಿ, ಬಸ್ಸು ಮುಂತಾದೆಡೆ ೧೩೩೩ ಸಂದರ್ಭಗಳಲ್ಲಿ ಜನ ಫೋನು ಬಳಸುವುದನ್ನು ಕಂಡುದರ ಲೆಕ್ಕವಿದೆ. ಪರದೆಯನ್ನು ಮುಟ್ಟುತ್ತಿದ್ದವರಲ್ಲಿ ಶೇಕಡ ೪೯ ಮಂದಿ ಫೋನನ್ನು ಒಂದೇ ಕೈಯಲ್ಲಿ ಹಿಡಿದಿದ್ದರು. ಒಂದು ಕೈಯಲ್ಲಿ ಬಸ್ಸಿನ ಕಂಬಿ, ಮತ್ತೊಂದರಲ್ಲಿ ಫೋನು ಹಿಡಿದು ಕಾಲೇಜಿಗೆ ಬರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪರದೆಯ ಮೇಲಿನ ಮೂಲೆಗೆ ಹೆಬ್ಬೆರಳು ಎಟುಕುವುದು ಕಷ್ಟ. ಮೂರು ಗೆರೆಗಳಿರುವುದು ಸಾಮಾನ್ಯವಾಗಿ ಆ ಮೂಲೆಯಲ್ಲಿಯೇ.

ಇದರ ಹಿಂದೆ ಒಂದು ಹಳೆಯ ನಿಯಮವಿದೆ. ೧೯೫೪ರಲ್ಲಿ ಪಾಲ್ ಫಿಟ್ಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು, ಎರಡು ಲೋಹದ ಪಟ್ಟಿಗಳನ್ನು ಕಡ್ಡಿಯಿಂದ ಒಂದಾದ ಮೇಲೊಂದರಂತೆ ತಟ್ಟಲು ಜನರಿಗೆ ಹೇಳಿ, ತಗಲುವ ಕಾಲವನ್ನು ಅಳೆದರು. ಗುರಿ ದೂರವಾದಷ್ಟೂ, ಚಿಕ್ಕದಾದಷ್ಟೂ ಅದನ್ನು ಮುಟ್ಟಲು ಹೆಚ್ಚು ಕಾಲ ಬೇಕೆಂಬುದು ಅವರು ಕಂಡ ನಿಯಮ. ಮೌಸಿನ ಬಾಣದ ತುದಿ ಸೂಜಿಯ ಮೊನೆಯಂತೆ. ಬೆರಳ ತುದಿ ಹಾಗಲ್ಲ. ಆದ್ದರಿಂದಲೇ ಆಂಡ್ರಾಯ್ಡ್ ಫೋನುಗಳಿಗಾಗಿ ಗೂಗಲ್ ನೀಡಿರುವ ಸೂಚನೆಯಲ್ಲಿ ಒತ್ತುವ ಜಾಗ ಸುಮಾರು ಒಂಬತ್ತು ಮಿಲಿಮೀಟರ್ ಇರಬೇಕೆಂದಿದೆ. ಹೆಸರುಗಳನ್ನು ಒತ್ತೊತ್ತಾಗಿ ಪೇರಿಸಿದರೆ “ಫಲಿತಾಂಶ”ವನ್ನು ಒತ್ತಲು ಹೋದವನು “ಫೋಟೋ ಸಂಪುಟ”ಕ್ಕೆ ಹೋಗಿ ಬೀಳುತ್ತಾನೆ.

ಮೌಸಿಗೂ ಬೆರಳಿಗೂ ಇನ್ನೊಂದು ಭೇದವುಂಟು. ಕಂಪ್ಯೂಟರಿನಲ್ಲಿ ಒಂದು ಹೆಸರಿನ ಮೇಲೆ ಬಾಣವನ್ನು ಸುಮ್ಮನೆ ತಂದು ನಿಲ್ಲಿಸಿದರೆ ಒಳಪಟ್ಟಿ ತೆರೆದುಕೊಳ್ಳುವಂತೆ ಮಾಡಬಹುದು. ಬೆರಳಿಗೆ ಸುಮ್ಮನೆ ನಿಲ್ಲುವುದೆಂಬುದಿಲ್ಲ, ಮುಟ್ಟಿದರೆ ಒತ್ತಿದಂತೆಯೇ. ಕಳೆದ ವರ್ಷ ವಿದ್ಯಾರ್ಥಿವೇತನದ ಅರ್ಜಿಗಾಗಿ ನಾನೂ ನನ್ನ ಸಹಪಾಠಿಯೊಬ್ಬನೂ ಒಂದು ಜಾಲತಾಣವನ್ನು ತೆರೆದೆವು. ಒಳಪಟ್ಟಿ ಒಮ್ಮೆ ಮಿಂಚಿ, ಓದುವಷ್ಟರಲ್ಲಿ ಬೇರೊಂದು ಪುಟ ಬಂದು ನಿಲ್ಲುತ್ತಿತ್ತು. ಸಂಜೆಯವರೆಗೆ ಹೆಣಗಿ, ಕೊನೆಗೆ ಪೇಟೆಯ ಕಂಪ್ಯೂಟರ್ ಅಂಗಡಿಗೆ ಹೋಗಿ ಐವತ್ತು ರೂಪಾಯಿ ತೆತ್ತು ಅರ್ಜಿ ಹಾಕಿದೆವು. ಅಂಗಡಿಯವನು ನಮಗಿಂತ ಬುದ್ಧಿವಂತನೆಂದಲ್ಲ. ಅವನ ಬಳಿ ಮೌಸಿತ್ತು, ಅಷ್ಟೆ. ಕೂಲಿಯ ದಿನದ ಲೆಕ್ಕದಲ್ಲಿ ಬದುಕುವ ಮನೆಗಳಿಗೆ ಆ ಐವತ್ತು ರೂಪಾಯಿ ಸಣ್ಣದಲ್ಲ.

ಇನ್ನು ಹೆಸರುಗಳ ವಿಚಾರ. ವಿಲಿಯಂ ಹಿಕ್ ಎಂಬ ಬ್ರಿಟಿಷ್ ಮನಶ್ಶಾಸ್ತ್ರಜ್ಞರು ೧೯೫೨ರಲ್ಲಿ, ದೀಪ ಹೊತ್ತಿದಾಗ ಅದಕ್ಕೆ ತಕ್ಕ ಕೀಲಿಯನ್ನು ಒತ್ತಿಸುವ ಪ್ರಯೋಗದಿಂದ, ಆಯ್ಕೆಗಳು ಹೆಚ್ಚಿದಂತೆ ನಿರ್ಧಾರದ ಕಾಲವೂ ಹೆಚ್ಚುತ್ತದೆಂದು ತೋರಿಸಿದರು. ಆದರೆ ಆಯ್ಕೆಗಳು ಇಮ್ಮಡಿಯಾದರೆ ಕಾಲ ಇಮ್ಮಡಿಯಾಗುವುದಿಲ್ಲ. ಒಂದಿಷ್ಟು ಮಾತ್ರ ಏರುತ್ತದೆ. ಈ ರಿಯಾಯಿತಿ ಪರಿಚಿತವಾದ ಆಯ್ಕೆಗಳಿಗಷ್ಟೆ ಎಂಬುದನ್ನು ಮರೆಯಬಾರದು. ಗೊತ್ತಿಲ್ಲದ ಪಟ್ಟಿಯನ್ನು ಒಂದೊಂದಾಗಿ ಓದಲೇಬೇಕು. ಆಗ ಪಟ್ಟಿಯ ಉದ್ದಕ್ಕಿಂತಲೂ ಹೆಸರಿನ ಸ್ಪಷ್ಟತೆಯೇ ಮುಖ್ಯ. “ಸೇವೆಗಳು”, “ಯೋಜನೆಗಳು”, “ಇತರೆ” ಎಂದು ಮೂರು ಹೆಸರಿದ್ದರೆ ಹಾಸ್ಟೆಲಿನ ಅರ್ಜಿ ಯಾವುದರಲ್ಲಿದೆಯೆಂದು ಹೇಳಬಲ್ಲವರಾರು? ಕಚೇರಿಯು ತನ್ನ ಶಾಖೆಗಳನ್ನು ಹೆಸರಿಸುವ ಕ್ರಮ ಬೇರೆ. ಬಂದವನು ತನ್ನ ಕೆಲಸವನ್ನು ಹೆಸರಿಸುವ ಕ್ರಮ ಬೇರೆ. ಮೆನು ಎರಡನೆಯವನ ಮಾತಿನಲ್ಲಿರಬೇಕು.

ಕನ್ನಡದ ಮೆನುವಿಗೆ ಅದರದೇ ಆದ ಸಮಸ್ಯೆಗಳುಂಟು. ನಮ್ಮ ಲಿಪಿಯಲ್ಲಿ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಇಂಗ್ಲಿಷಿನ ಅಳತೆಗೆ ಕತ್ತರಿಸಿದ ಗುಂಡಿಯಲ್ಲಿ ಅವು ಅರ್ಧ ಮುಚ್ಚಿಹೋಗಿ ಪದವೇ ಊನವಾಗುತ್ತದೆ. ಪದಗಳೂ ನೀಳ. “ನಮ್ಮನ್ನು ಸಂಪರ್ಕಿಸಿ” ಎಂಬಲ್ಲಿ “ಸಂಪರ್ಕ” ಎಂದರೆ ಸಾಕು; “ಮುಖ್ಯ ಪುಟಕ್ಕೆ ಹಿಂದಿರುಗಿ” ಎಂಬಲ್ಲಿ “ಮುಖಪುಟ” ಸಾಕು. ಕೆಲವೆಡೆ ಕನ್ನಡವನ್ನು ಆರಿಸುವ ಗುಂಡಿಯೇ ಇಂಗ್ಲಿಷ್ ಮೆನುವಿನ ಒಳಗೆ ಅಡಗಿರುವುದುಂಟು. ಇಂಗ್ಲಿಷ್ ಬಾರದವನು ಅದನ್ನು ಹುಡುಕಲು ಮೊದಲು ಇಂಗ್ಲಿಷ್ ಕಲಿಯಬೇಕೇನೋ! “ಕನ್ನಡ” ಎಂಬ ಪದ ಕನ್ನಡದ ಅಕ್ಷರಗಳಲ್ಲಿಯೇ, ಪುಟ ತೆರೆದೊಡನೆ ಕಾಣುವಂತಿರಬೇಕು.

ರಜೆಯಲ್ಲಿ ಊರಿಗೆ ಹೋದಾಗ ಅರ್ಜಿ ತುಂಬಿಸಿಕೊಳ್ಳಲು, ಪಹಣಿ ನೋಡಿಸಿಕೊಳ್ಳಲು ಅಕ್ಕಪಕ್ಕದವರು ನನ್ನ ಬಳಿಗೆ ಬರುತ್ತಾರೆ. “ನಮಗೆಲ್ಲಿ ತಿಳಿಯುತ್ತದಪ್ಪ” ಎನ್ನುತ್ತಲೇ ಫೋನನ್ನು ಮುಂದೆ ಚಾಚುತ್ತಾರೆ. ಹಂಗಾಮು ನೋಡಿ ಬಿತ್ತುವ, ಅಂದಾಜಿನಲ್ಲಿಯೇ ರಾಶಿಯ ತೂಕ ಹೇಳುವ ಜನ ಅವರು. ದಾರಿ ಕಾಣದಿದ್ದುದು ದಾರಿ ತೋರದವರ ಕೊರತೆ. ಅದನ್ನು ಅವರು ತಮ್ಮ ದಡ್ಡತನವೆಂದು ಎಣಿಸುತ್ತಿರುವುದೇ ನನಗೆ ಎಲ್ಲಕ್ಕಿಂತ ಹೆಚ್ಚು ಖೇದವನ್ನುಂಟುಮಾಡುವ ಸಂಗತಿ.

ನಮ್ಮಲ್ಲಿ ಕೆಲವರು ನಾಳೆ ಗುಮಾಸ್ತರಾಗುತ್ತೇವೆ, ಕೆಲವರು ಅಧಿಕಾರಿಗಳು, ಕೆಲವರು ಉಪಾಧ್ಯಾಯರು. ಜಾಲತಾಣವನ್ನು ಕಟ್ಟುವವರು ಬೇರೆಯವರಾದರೂ, ಅದರಲ್ಲಿ ಏನೇನು ಯಾವ ಹೆಸರಿನಲ್ಲಿರಬೇಕೆಂದು ಹೇಳುವ ಸರದಿ ನಮ್ಮದಾಗಬಹುದು. ಆಗ ಹಣ ಬೇಡದ ಒಂದು ಪರೀಕ್ಷೆಯನ್ನು ಮಾಡೋಣ. ಆ ಪುಟವನ್ನು ಎಂದೂ ನೋಡದ ಒಬ್ಬರ ಕೈಗೆ ಫೋನು ಕೊಟ್ಟು, “ಇದರಲ್ಲಿ ಅರ್ಜಿಯ ಕೊನೆಯ ದಿನಾಂಕವನ್ನು ಹುಡುಕಿ” ಎಂದು ಹೇಳಿ, ಬಾಯಿ ಮುಚ್ಚಿಕೊಂಡು ನೋಡುತ್ತಿರೋಣ. ಅವರ ಹೆಬ್ಬೆರಳು ಎಲ್ಲಿ ತಡವರಿಸುತ್ತದೆಯೋ ಅಲ್ಲಿ ಕೈಮರವನ್ನು ನೆಡಬೇಕೆಂದು ತಿಳಿಯೋಣ.